ಅಪ್‌ಡೇಟ್: ಅಂತರಗಂಗೆ ಬೆಟ್ಟ ಹತ್ತಿ ಬಂದೆವು

ಅಮ್ಮನನ್ನೂ ಕರೆದುಕೊಂಡು ಕೋಲಾರದ ಹತ್ತಿರ ಯಾವ ಬೆಟ್ಟ ಹತ್ತಬಹುದು ಅಂತ ಕೇಳಿದ್ದೆನಲ್ವಾ, ಭಾನುವಾರ ಅಂತರಗಂಗೆಗೆ ಹೋಗಿ ಬಂದೆವು. ನಂದಿಬೆಟ್ಟ ಅಂದವರೇ ಜಾಸ್ತಿ. ಆದರೆ ಅಲ್ಲಿನ ಗಾಡಿಗಳ ಸಾಲು ನೆನೆಸಿಕೊಂಡೇ ಸುಸ್ತಾಯಿತು.

ಮೆಟ್ಟಿಲು ಹತ್ತಿ ಕಾಶಿ ವಿಶ್ವೇಶ್ವರನ ಗುಡಿ ತಲುಪಿದೆವು. ಕಲ್ಲಿನ ಬಸವನ ಬಾಯಿಂದ ನೀರು ಸಣ್ಣಗೆ ಸುರಿಯುತ್ತಲೇ ಇತ್ತು. ಅಮ್ಮ ಬೊಗಸೆ ಒಡ್ಡಿ ಮುಖ ತೊಳೆದುಕೊಂಡು ಅಲ್ಲೇ ಕೂತುಬಿಟ್ಟರು. ಚಿತ್ರಾನ್ನದ ಡಬ್ಬಿ ಕೋತಿ ಪಾಲಾಯಿತು. ಕೋತಿಗಳಿವೆ, ಹುಷಾರು ಅಂತ ನೀವು ಹೇಳಿದ್ದಿರಿ, ತಪ್ಪು ನನ್ನದೇ.

ನಾನು, ತಮ್ಮ ಗುಹೆಗಳ ಕಡೆ ಹೋದೆವು. ಒಂದು ಕಡೆ ಬ್ಯಾಗ್ ಕಳಚಿ ಮುಂದೆ ತಳ್ಳಿ, ಬಂಡೆಗಳ ಸಂದಿಯಲ್ಲಿ ತೆವಳಿಯೇ ಹೋಗಬೇಕಾಯಿತು. ಟಾರ್ಚ್ ತಗೊಂಡು ಹೋಗಿ ಅಂದವರಿಗೆ ಥ್ಯಾಂಕ್ಸ್. ಮೇಲಿಂದ ಊರು, ಕೋಲಾರಮ್ಮನ ಕೆರೆ ಎಲ್ಲ ಕಾಣಿಸಿತು. ಬೆಟ್ಟದ ಮೇಲಿರೋ ತೇರಹಳ್ಳಿ ಊರಿನವರೆಗೆ ನಡೆಯೋದು ಮುಂದಿನ ಸಲಕ್ಕೆ.