ಅಪ್‌ಡೇಟ್: ಕೂಡದ ಬೋಲ್ಟ್ ತೂತುಗಳು ಕೊನೆಗೂ ಕೂಡಿದವು

ಉಕ್ಕಿನ ಬೀಮ್ ಜೋಡಿಸುವ ಪ್ಲೇಟಿನಲ್ಲಿ ಕೆಲವು ತೂತು ಸುಮಾರು 3 ಮಿ.ಮೀ. ಪಕ್ಕಕ್ಕೆ ಸರಿದಿವೆ, ಎಂ20 (20 ಮಿ.ಮೀ. ದಪ್ಪದ) ಬೋಲ್ಟ್ ಹೋಗ್ತಿಲ್ಲ, ಗ್ಯಾಸ್ ಕಟರ್‌ನಲ್ಲಿ ದೊಡ್ಡದು ಮಾಡಬಹುದಾ ಅಂತ ಕೇಳಿದ್ದೆ. ಬೇಡ ಅಂದವರಿಗೆಲ್ಲ ಥ್ಯಾಂಕ್ಸ್. ನಮ್ಮ ಡಿಸೈನ್ ಎಂಜಿನಿಯರ್ ಕೂಡ ಅದನ್ನೇ ಹೇಳಿದರು: ಗ್ಯಾಸಿನಲ್ಲಿ ಕೊರೆದರೆ ಅಂಚು ಗರಗಸದ ಹಲ್ಲಿನಂತಾಗುತ್ತದೆ, ಸುತ್ತಲಿನ ಉಕ್ಕು ಗಡುಸಾಗಿ ಬಿರುಕು ಬಿಡಬಹುದು.

ಮೊದಲು ಬಿಗಿ ಮಾಡಿದ್ದ ಬೋಲ್ಟ್‌ಗಳನ್ನೆಲ್ಲ ಸಡಿಲಿಸಿ, ಡ್ರಿಫ್ಟ್ ಪಿನ್ (ತೂತುಗಳನ್ನು ಒಂದೇ ಸಾಲಿಗೆ ತರುವ ಚೂಪು ತುದಿಯ ಉಕ್ಕಿನ ಕಡ್ಡಿ) ಹೊಡೆದು ಪ್ಲೇಟ್ ಎಳೆದೆವು. ಅಷ್ಟಕ್ಕೇ ಹೆಚ್ಚಿನವು ಸರಿಹೋದವು! ಬೋಲ್ಟ್ ಒಂದೊಂದಾಗಿ ಪೂರ್ತಿ ಬಿಗಿ ಮಾಡುತ್ತಾ ಹೋದರೆ ಕೊನೆಯ ತೂತುಗಳು ಕೂಡೋದೇ ಇಲ್ಲ, ಎಲ್ಲವನ್ನೂ ಸಡಿಲವಾಗಿ ಹಾಕಿಕೊಂಡು ಆಮೇಲೆ ಬಿಗಿ ಮಾಡಬೇಕು, ಅಲ್ವಾ?

ಎರಡು ಮಾತ್ರ ಹಟ ಹಿಡಿದವು. ಆ 22 ಮಿ.ಮೀ. ತೂತುಗಳನ್ನು ಪ್ಲೇಟ್‌ಗಳು ಜೊತೆಗಿರುವಾಗಲೇ ರೀಮರ್‌ನಿಂದ (ತೂತನ್ನು ನಯವಾಗಿ ಹೆರೆದು ದೊಡ್ಡದು ಮಾಡುವ ಉಪಕರಣ) 24ಕ್ಕೆ ಹಿಗ್ಗಿಸಿ, ಅದೇ ಗ್ರೇಡಿನ ಎಂ22 ಬೋಲ್ಟ್ ಹಾಕಿದೆವು. ತೂತಿನ ನಡುವಿನಿಂದ ಪ್ಲೇಟಿನ ಅಂಚಿಗೆ 40 ಮಿ.ಮೀ. ಇತ್ತು, ತೂತಿನ ಅಗಲದ ಒಂದೂವರೆ ಪಟ್ಟಾದರೂ ಇರಬೇಕು ಅಂದರೂ 36 ಸಾಕು. ಅದು ಕಡಿಮೆ ಬಿದ್ದಿದ್ದರೆ ಹೊಸ ಪ್ಲೇಟೇ ಬೇಕಾಗುತ್ತಿತ್ತು.

ಸುತ್ತಿಗೆಯಿಂದ ಬೋಲ್ಟನ್ನೇ ಹೊಡೆದು ಕೂರಿಸಿ ಅಂದಿದ್ದವರಿಗೆ: ಸುಮ್ನೆ ಥ್ರೆಡ್ ಹಾಳಾಗುತ್ತದೆ, ಆಮೇಲೆ ನಟ್ ಎಲ್ಲಿ ಹತ್ತುತ್ತದೆ?