ವಿಸ್ಕಿ ಮೊದಲು ಇಳಿಸಿದ್ದು ಐರ್ಲೆಂಡ್‌ನವರೋ, ಸ್ಕಾಟ್ಲೆಂಡ್‌ನವರೋ?

ಹಳೇಪೀಪಾಯಿ: ಮೊದಲೇ ಹೇಳಿಬಿಡುತ್ತೇನೆ, ವಿಸ್ಕಿ ಸ್ಕಾಟ್ಲೆಂಡ್‌ನದು. 1494ರ ರಾಜನ ಖಜಾನೆ ಲೆಕ್ಕದಲ್ಲೇ ಇದೆ: ಜಾನ್ ಕೋರ್ ಎಂಬ ಸನ್ಯಾಸಿಗೆ ಆಕ್ವಾ ವೀಟೆ ಮಾಡಲು 8 ಬೋಲ್ (ಹಳೆಯ ಸ್ಕಾಟಿಷ್ ಅಳತೆ) ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಆಕ್ವಾ ವೀಟೆ ಅಂದರೆ ಲ್ಯಾಟಿನ್‌ನಲ್ಲಿ ಜೀವಜಲ. ಇದಕ್ಕಿಂತ ಹಳೆಯ ದಾಖಲೆ ಇದ್ದರೆ ತೋರಿಸಿ.

ಗೇಲಿಕ್‌ಗುಂಗು: ತಗೊಳ್ಳಿ. ಐರ್ಲೆಂಡ್‌ನ ಕ್ಲಾನ್‌ಮಕ್ನಾಯ್ಸ್ ಮಠದ ವೃತ್ತಾಂತದಲ್ಲಿ 1405ಕ್ಕೇ ಒಬ್ಬ ಪಾಳೇಗಾರ ಕ್ರಿಸ್‌ಮಸ್ ಹೊತ್ತಿಗೆ ಆಕ್ವಾ ವೀಟೆ ಜಾಸ್ತಿ ಕುಡಿದು ಸತ್ತ ಎಂದಿದೆ. ಅವನ ಪಾಲಿಗೆ ಅದು ಜೀವಜಲವಲ್ಲ, ಸಾವಿನ ಜಲ ಅಂತ ತಮಾಷೆ ಬೇರೆ. 89 ವರ್ಷ ಮುಂಚೆ. ದಾಖಲೆ ಸಿಕ್ಕಿತು ಅಲ್ವಾ?

ಹಳೇಪೀಪಾಯಿ: "ದಾಖಲೆ" ಅಂತೆ! ಅದರ ಮೂಲ ಕಳೆದುಹೋಗಿದೆ. ಕೈಯಲ್ಲಿರುವುದು 1627ರ ಇಂಗ್ಲಿಷ್ ಅನುವಾದ. ಅದರಲ್ಲಿ ಮಾಲ್ಟ್ ಸುದ್ದಿಯೇ ಇಲ್ಲ, ವೈನ್‌ನಿಂದ ಇಳಿಸಿದ್ದೂ ಆಗಿರಬಹುದು. ನಮ್ಮ ಸನ್ಯಾಸಿಗೆ ಕಸುಬು ಗೊತ್ತಿತ್ತು. ಮೊದಲು ಇಳಿಯುವ ಪಾಲು ಚೆಲ್ಲದಿದ್ದರೆ ವಿಷದ ಆಲ್ಕೋಹಾಲ್, ಅಂದರೆ ಮೆಥನಾಲ್‌ನಿಂದ ಕಣ್ಣು ಹೋಗುತ್ತದೆ. ಅಷ್ಟೂ ತಿಳಿಯದವನಿಗೆ ರಾಜ ಮಾಲ್ಟ್ ಕೊಡುತ್ತಾನಾ?

ಕೆಮಿಸ್ಟ್ರಿಮೇಡಂ: "ಮೆಥನಾಲ್‌ನಿಂದ ಕಣ್ಣು ಹೋಗುತ್ತದೆ" ನಿಜ. ಬಾರ್ಲಿ ಮಾಲ್ಟ್‌ನಿಂದ ಹೋಗುವುದಿಲ್ಲ. ಹುದುಗುವಾಗ ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟಿನಂಥ ಅಂಶದಿಂದ. ಧಾನ್ಯದಲ್ಲಿ ತೀರಾ ಕಡಿಮೆ. ಮೊದಲ ಪಾಲು ಚೆಲ್ಲಿದರೆ ಮೆಥನಾಲ್ ಹೋಯಿತು ಅನ್ನುವುದೂ ಕಟ್ಟುಕತೆ.

ಹಳೇಪೀಪಾಯಿ: ಕಟ್ಟುಕತೆಯಾ? ಮೆಥನಾಲ್ ಕುದಿಯುವುದು 64.7 ಡಿಗ್ರಿಗೆ, ಕುಡಿಯುವ ಆಲ್ಕೋಹಾಲ್ ಆದ ಎಥನಾಲ್ 78.3ಕ್ಕೆ. ಯಾವುದು ಮೊದಲು ಹಾರುತ್ತದೆ ಅಂತ ಹೇಳೋಕೆ ಪದವಿ ಬೇಕಾ ಮೇಡಂ?

ಕೆಮಿಸ್ಟ್ರಿಮೇಡಂ: ಅದು ಬೇರೆ ಬೇರೆ ಪಾತ್ರೆಯಲ್ಲಿ ಕಾಯಿಸಿದಾಗಿನ ಲೆಕ್ಕ. ಹಂಡೆಯಲ್ಲಿ ನೀರು, ಎಥನಾಲ್, ಮೆಥನಾಲ್ ಎಲ್ಲಾ ಬೆರೆತಿರುತ್ತವೆ. 64.7 ಆಯಿತು ಅಂತ ಮೆಥನಾಲ್ ಒಂದೇ ಎದ್ದು ಹೊರಡುವುದಿಲ್ಲ. ಎಲ್ಲವೂ ಒಟ್ಟಿಗೆ ಆವಿಯಾಗುತ್ತವೆ, ಪ್ರಮಾಣ ಮಾತ್ರ ಬದಲಾಗುತ್ತದೆ. ಮೆಥನಾಲ್‌ಗೆ ನೀರಿನ ನಂಟು ಜಾಸ್ತಿ. ಮೊದಲಿಂದ ಕೊನೆ ತನಕ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ.

ತಾಮ್ರದಹಂಡೆ: ಹಾಗಾದರೆ ಮೊದಲ ಪಾಲು ಕುಡಿಯಬಹುದು ಅಂತೀರಾ? ಒಂದು ಭಟ್ಟಿ ನೋಡೋಕೆ ಹೋಗಿದ್ದೆ. ಮೊದಲ ಹನಿಗಳನ್ನು ಅಂಗೈಗೆ ಹಾಕಿದರು. ಉಜ್ಜಿ ಮೂಸಿದರೆ ಥೇಟ್ ನೇಲ್ ಪಾಲಿಶ್ ಅಳಿಸೋ ನೀರು. ಅದು ಮೆಥನಾಲ್ ಅಲ್ಲದೆ ಮತ್ತೇನು, ಪನ್ನೀರಾ?

ಕೆಮಿಸ್ಟ್ರಿಮೇಡಂ: ಕುಡಿಯಿರಿ ಅಂತ ಎಲ್ಲಿ ಹೇಳಿದೆ? ಆ ವಾಸನೆ ಈಥೈಲ್ ಅಸಿಟೇಟ್‌ನದು, ಜೊತೆಗೆ ಅಸಿಟಾಲ್ಡಿಹೈಡ್. ಅವೇ ಮೊದಲು ಇಳಿಯುವುದು. ಚೆಲ್ಲಲೇಬೇಕು.

ಹಳೇಪೀಪಾಯಿ: "ಚೆಲ್ಲಲೇಬೇಕು" ಅಂದಿರಲ್ಲ! ನಾನೂ ಅದನ್ನೇ ಬಡಿದುಕೊಳ್ಳುತ್ತಿದ್ದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಜನ ಸತ್ತಿದ್ದು ಯಾಕೆ? ಚೆಲ್ಲದೆ ಮಾರಿದ್ದಕ್ಕೆ.

ಕೆಮಿಸ್ಟ್ರಿಮೇಡಂ: ಅಯ್ಯೋ, ಆ ಉದಾಹರಣೆಯೇ ಬೇಕಿತ್ತಾ! ಕಾರ್ಖಾನೆಗಳ ಆಲ್ಕೋಹಾಲ್ ಯಾರೂ ಕುಡಿಯದಿರಲಿ ಅಂತ ಸರ್ಕಾರದ ನಿಯಮದಂತೆಯೇ ಮೆಥನಾಲ್ ಬೆರೆಸುತ್ತಿದ್ದರು. ಕಳ್ಳವ್ಯಾಪಾರಿಗಳು ಅದನ್ನೇ ಕದ್ದು ಮಾರಿದರು. ಹೊರಗಿಂದ ಸುರಿದಿದ್ದಕ್ಕೆ ಹಂಡೆಯನ್ನು ಬೈದರೆ ಹೇಗೆ?

ತಾಮ್ರದಹಂಡೆ: ಹಂಡೆ ಬಗ್ಗೆ ನಿಮಗೇನ್ರೀ ಗೊತ್ತು? ಬರೀ ಪುಸ್ತಕ. ತಾಮ್ರದ್ದೇ ಹಂಡೆ ಯಾಕೆ ಇಡುತ್ತಾರೆ ಹೇಳಿ ನೋಡೋಣ. ಮೆಥನಾಲ್ ಹೀರಲಿ ಅಂತ!

ಕೆಮಿಸ್ಟ್ರಿಮೇಡಂ: ಗಂಧಕದ ಅಂಶ ಹಿಡಿಯಲಿ ಅಂತ ಸಾರ್. ಇಲ್ಲದಿದ್ದರೆ ಕೊಳೆತ ಮೊಟ್ಟೆ ನಾತ. ಮೆಥನಾಲ್ ತಾಮ್ರಕ್ಕೆ ಕ್ಯಾರೇ ಅನ್ನುವುದಿಲ್ಲ.

ಗೇಲಿಕ್‌ಗುಂಗು: ಸ್ವಾಮಿ, ನನ್ನ 1405 ಎಲ್ಲಿ ಹೋಯಿತು? ಹಂಡೆ ಅಂದಿದ್ದಕ್ಕೆ ಹೇಳುತ್ತೇನೆ, ನಿಲ್ಲಿಸದೆ ನಡೆಯುವ, ಎತ್ತರದ ಕಂಬದಂಥ ಕಾಲಮ್ ಭಟ್ಟಿಗೆ 1830ರಲ್ಲಿ ಪೇಟೆಂಟ್ ಪಡೆದ ಈನಿಯಸ್ ಕಾಫಿ ಐರ್ಲೆಂಡ್‌ನ ಅಬಕಾರಿ ಅಧಿಕಾರಿ.

ಹಳೇಪೀಪಾಯಿ: ಅದನ್ನು ಬಳಸಿ ಉದ್ಧಾರ ಆದವರು ಯಾರು? ಸ್ಕಾಟ್ಲೆಂಡ್‌ನವರು. ನಿಮ್ಮವರು ರುಚಿಯಿಲ್ಲ ಅಂತ ಮೂಗು ಮುರಿದು ಕೂತರು.

ಸುಮ್ನೆಓದುವವ: ಪೀಪಾಯಿ ಸಾರ್, ಆ 64.7 ಏನಾಯಿತು?

ಹಳೇಪೀಪಾಯಿ: 64.7 ಇವತ್ತಿಗೂ 64.7. ಅದನ್ನು ಮೇಡಂ ಕೂಡ ಅಲ್ಲಗಳೆದಿಲ್ಲ, ಗಮನಿಸಿ.

ಕೆಮಿಸ್ಟ್ರಿಮೇಡಂ: ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ತಾಮ್ರದಹಂಡೆ: ಮೀಸೆ ಸುದ್ದಿಗೆ ಯಾಕೆ ಬರುತ್ತೀರಿ? ವೈಯಕ್ತಿಕ ಮಾತು ಬೇಡ.