ತಮ್ಮನ ಸಾಲಕ್ಕೆ ಅಕ್ಕನ ಮದುವೆ

ಗಿರೀಶ: ವನಜಕ್ಕ, ಡಿಕನ್ಸನ ‘ಹಾರ್ಡ್ ಟೈಮ್ಸ್’ ಕಾದಂಬರೀಲಿ ಲೂಯಿಸಾ ಆ ಬೌಂಡರ್‌ಬಿಗೆ ಹೂಂ ಅಂದಿದ್ದಾದ್ರೂ ಯಾಕೆ? ಇವಳಿಗೆ 20, ಅವನಿಗೆ 50!

ವನಜಾ: ತಮ್ಮ ಟಾಮ್‌ಗೋಸ್ಕರ ಕಣೋ. ಅವನಿಗೆ ಕೆಲಸ ಬೌಂಡರ್‌ಬಿ ಬ್ಯಾಂಕಲ್ಲಿ. ಅಕ್ಕ ಧಣಿ ಹೆಂಡ್ತಿಯಾದ್ರೆ ತನ್ನನ್ನ ಯಾರೂ ಗದರಲ್ಲ ಅಂತ ಅವನ ಲೆಕ್ಕ.

ಶೀನಣ್ಣ: ಅಪ್ಪ ಗ್ರ್ಯಾಡ್‌ಗ್ರೈಂಡ್ ಏನು ಕಮ್ಮಿನಾ? ‘ನಾನು ಅವರನ್ನ ಪ್ರೀತಿಸ್ತೀನಿ ಅಂತ ನಿಮಗನ್ಸತ್ತಾ’ ಅಂತ ಮಗಳು ಕೇಳಿದ್ರೆ ಅಂಕಿಅಂಶ ಬಿಚ್ಚಿದ. ವಯಸ್ಸು ಹೊಂದದ ಮದುವೆಗಳಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಗಂಡೇ ದೊಡ್ಡವನಂತೆ. ಇಂಗ್ಲೆಂಡ್, ವೇಲ್ಸ್ ಅಷ್ಟೇ ಅಲ್ಲ, ಇಂಡಿಯಾದಲ್ಲೂ ಹಾಗೇ ಅಂತೆ.

ಗಿರೀಶ: ಅಯ್ಯೋ, ನಮ್ಮ ಮುತ್ತಜ್ಜಂದಿರನ್ನೂ ಸಾಕ್ಷಿಗೆ ಎಳೆದ್ನಾ!

ವನಜಾ: ಎಂಟು ವಾರದಲ್ಲಿ ಮದುವೆ ಮುಗೀತು. ಹನಿಮೂನು ಫ್ರಾನ್ಸಿನ ಲಿಯಾನ್‌ಗೆ. ಯಾಕೆ ಗೊತ್ತಾ? ತನ್ನ ಕೂಲಿಗಳು ಚಿನ್ನದ ಚಮಚದಲ್ಲೇ ಊಟ ಕೇಳ್ತಾರೆ ಅಂತ ಬೌಂಡರ್‌ಬಿ ಗೊಣಗಾಟ, ಅಲ್ಲಿನ ಕೂಲಿಗಳೂ ಹಾಗೇನಾ ಅಂತ ನೋಡಕ್ಕೆ.

ಗಿರೀಶ: ಸರಿ, ತಮ್ಮನಿಗೆ ದುಡ್ಡು ಸಿಕ್ತಲ್ಲ?

ವನಜಾ: ಅಲ್ಲೇ ಇರೋದು ಎಡವಟ್ಟು. ಕಾದಂಬರಿ ಬಂದಿದ್ದು 1854ರಲ್ಲಿ. ಆಗಿನ ಕಾನೂನಲ್ಲಿ ಮದುವೆಯಾದ ಹೆಂಗಸಿನ ಕೈಲಿರೋ ದುಡ್ಡು ಗಂಡಂದು. ಆಸ್ತಿ ಅವಳ ಹೆಸರಲ್ಲೇ ಉಳಿಯೋ ಹಾಗೆ ಸರಿಯಾದ ಕಾಯ್ದೆ ಬಂದಿದ್ದು 1882ರಲ್ಲಿ.

ಶೀನಣ್ಣ: ದುಡ್ಡಿದ್ದೋರು ಅದಕ್ಕೇ ಮದುವೆಗೆ ಮುಂಚೆ ಸೆಟಲ್‌ಮೆಂಟ್ ಪತ್ರ ಬರೆಸಿ, ಹೆಣ್ಣಿನ ಪಾಲನ್ನ ಟ್ರಸ್ಟಿಗಳ ಕೈಗೆ ಕೊಡ್ತಿದ್ರು. ಇವಳದ್ದೂ ಆಯ್ತು ಅಂತ ಡಿಕನ್ಸ್ ಒಂದೇ ಮಾತಲ್ಲಿ ಹೇಳಿ ಮುಗಿಸ್ತಾನೆ. ಆದ್ರೆ ತಮ್ಮನ ಜೂಜಿನ ಸಾಲಕ್ಕೆ ಯಾವ ಪತ್ರದಲ್ಲಪ್ಪ ಕಾಲಂ ಇರತ್ತೆ?

ವನಜಾ: ಹಾಗಾಗಿ ಗಂಡ ಕೊಟ್ಟಿದ್ದ ಒಡವೆ ಮಾರಿ ಟಾಮ್‌ನ ಸಾಲ ತೀರಿಸಿದ್ಲು. ಆಮೇಲೆ ಅವನು ಒಂದೇ ಸಲಕ್ಕೆ 100 ಪೌಂಡ್ ಕೇಳಿದ, ಇವಳ ಹತ್ರ ಎಲ್ಲಿತ್ತು? ಸ್ವಲ್ಪ ದಿನಕ್ಕೇ ಬ್ಯಾಂಕಿನ ತಿಜೋರಿಯಿಂದ 150 ಪೌಂಡ್ ಚಿಲ್ಲರೆ ಮಾಯ.

ಗಿರೀಶ: ಅಯ್ಯಯ್ಯೋ! ಭಾವನ ಬ್ಯಾಂಕಿಗೇ ಕನ್ನ!

ಶೀನಣ್ಣ: ಕಳ್ಳಕೀಲಿ ಮಾಡಿಸಿ, ಅದನ್ನ ಬೀದೀಲಿ ಎಸೆದು, ಅನುಮಾನ ಸ್ಟೀಫನ್ ಬ್ಲ್ಯಾಕ್‌ಪೂಲ್ ಅನ್ನೋ ಬಡ ನೇಕಾರನ ಮೇಲೆ ಬರೋ ಹಾಗೆ ಮಾಡಿದ. ಏನೋ ಸಹಾಯ ಮಾಡ್ತೀನಿ ಅಂತ ಹೇಳಿ ಅವನನ್ನ ಸಂಜೆ ಹೊತ್ತು ಬ್ಯಾಂಕ್ ಹತ್ರ ನಿಲ್ಲಿಸಿದ್ದೂ ಇವನೇ.

ಗಿರೀಶ: ಅಪ್ಪನ ಸಾಲಕ್ಕೆ ಮದುವೆಯಾಗೋರ ಕಥೆನೂ ಹೀಗೇನಾ?

ಶೀನಣ್ಣ: ‘ನಿಕೋಲಸ್ ನಿಕಲ್‌ಬಿ’ ನೋಡು. ಮುದುಕ ಗ್ರೈಡ್‌ನ ಮದುವೆಯಾದ್ರೆ ಮ್ಯಾಡಲೀನಳ ಅಪ್ಪ ಸಾಲದಿಂದ ಬಿಡುಗಡೆ ಅಂತ ಮಾತು. ಮದುವೆ ದಿನ ಬೆಳಿಗ್ಗೆ ಅಪ್ಪನೇ ಸತ್ತ. ಸಾಲಗಾರನೇ ಇಲ್ಲ ಅಂದ್ಮೇಲೆ ಹುಡುಗಿಗೆ ಮುದುಕನ ಹಂಗೇನು?

ಗಿರೀಶ: ಗಂಡಸರನ್ನ ಯಾರೂ ಮಾರಲ್ವಾ?

ವನಜಾ: ಮಾರದೆ ಏನು! ‘ಜೇನ್ ಐರ್’ನ ರೊಚೆಸ್ಟರ್‌ನ ನೋಡು. ಎಸ್ಟೇಟ್ ಹೋಳಾಗಬಾರ್ದು, ಪೂರ್ತಿ ಅಣ್ಣನಿಗೇ ಇರಲಿ ಅಂತ ಅಪ್ಪ ಇವನನ್ನ ಜಮೈಕಾಗೆ ಕಳಿಸಿದ. 30,000 ಪೌಂಡ್ ತರೋ ಬರ್ತಾ ಅನ್ನೋ ಹುಡುಗಿ ಜತೆ ಮದುವೆ. ನಾಲ್ಕು ವರ್ಷ ಆಗೋ ಹೊತ್ತಿಗೆ ಅಣ್ಣನೂ ಹೋದ, ಅಪ್ಪನೂ ಹೋದ, ಎಸ್ಟೇಟು ಪೂರ್ತಿ ಇವನಿಗೇ ಬಂತು.

ಗಿರೀಶ: ಸ್ವಲ್ಪ ತಡೆದಿದ್ರೆ ಮದುವೆ ಖರ್ಚಾದ್ರೂ ಉಳೀತಿತ್ತು! ಲೂಯಿಸಾ ಕೊನೆಗೆ ಏನಾದ್ಲು?

ವನಜಾ: ಬಿರುಗಾಳಿ ಮಳೇಲಿ ಅಪ್ಪನ ಮನೆಗೆ ಓಡಿ ಬಂದ್ಲು. ‘ನಾಳೆ ಮಧ್ಯಾಹ್ನ 12ರೊಳಗೆ ವಾಪಸ್ ಬರಬೇಕು’ ಅಂತ ಬೌಂಡರ್‌ಬಿ ಗಡುವು ಕೊಟ್ಟ. 12 ಗಂಟೆ 5 ನಿಮಿಷಕ್ಕೆ ಅವಳ ಸಾಮಾನು ಕಟ್ಟಿಸಿ ಕಳಿಸೇಬಿಟ್ಟ.

ಗಿರೀಶ: ಡೈವೋರ್ಸು?

ಶೀನಣ್ಣ: ಆಗ ಅದಕ್ಕೆ ಪಾರ್ಲಿಮೆಂಟಲ್ಲಿ ಕಾಯ್ದೆನೇ ಮಾಡಿಸಬೇಕಿತ್ತು. ಸಾವಿರದಿಂದ ಸಾವಿರದೈನೂರು ಪೌಂಡ್ ಖರ್ಚು, ಡಬ್ಬಲ್ಲೂ ಆಗಬಹುದು ಅಂತ, ಡೈವೋರ್ಸ್ ಬಗ್ಗೆ ಕೇಳಕ್ಕೆ ಬಂದ ಸ್ಟೀಫನ್‌ಗೆ ಲೆಕ್ಕ ಹೇಳಿದ್ದು ಇದೇ ಬೌಂಡರ್‌ಬಿ. ತನ್ನ ಸರದಿ ಬಂದಾಗ ಸುಮ್ಮನೆ ಬ್ರಹ್ಮಚಾರಿ ಥರ ಇದ್ದುಬಿಟ್ಟ.

ಗಿರೀಶ: ಟಾಮ್ ಆಮೇಲೆ ಅಕ್ಕನ ಕಾಲಿಗೆ ಬಿದ್ದನೋ ಇಲ್ವೋ?

ವನಜಾ: ಬೀಳೋದಾ! ಕಳ್ಳತನ ಬಯಲಾಗೋ ಹೊತ್ತಿಗೆ ಓಡಿಹೋಗಿ, ಸರ್ಕಸ್‌ನಲ್ಲಿ ಮುಖಕ್ಕೆ ಕಪ್ಪು ಬಳ್ಕೊಂಡು, ಸೈಜಿಲ್ಲದ ಕೋಟು ಹಾಕ್ಕೊಂಡು ಬಚ್ಚಿಟ್ಕೊಂಡಿದ್ದ. ಅಲ್ಲಿಗೆ ಬಂದ ಅಕ್ಕನಿಗೇ ಬೈದ, ‘ನಾನು ಅಪಾಯದಲ್ಲಿದ್ದಾಗ್ಲೇ ಬೌಂಡರ್‌ಬಿನ ಬಿಟ್ಟು ಬಂದ್ಯಲ್ಲ’ ಅಂತ.